ಮೇದೋಜೀರಕದ ಬೀಟಾ ಕೋಶ: ಆಕ್ಸ್‌ಫರ್ಡ್ ಪ್ರಯೋಗಾಲಯದಿಂದ ದಾವಣಗೆರೆಯ ಔಷಧಿ ಚೀಟಿಯವರೆಗೆ

ಟೈಪ್ 1 ಮಧುಮೇಹ ಇರುವವರಿಗೆ ಕಾಂಡಕೋಶದಿಂದ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ, ಸ್ಟೆಮ್ ಸೆಲ್) ಬೆಳೆಸಿದ ಮೇದೋಜೀರಕದ ಕೋಶಗಳನ್ನು ಕೊಟ್ಟ ಪ್ರಯೋಗದ ಫಲಿತಾಂಶ 2025ರ ಜೂನ್‌ನಲ್ಲಿ ಪ್ರಕಟವಾಯಿತು. ಪೂರ್ತಿ ಪ್ರಮಾಣದ ಕೋಶ ಪಡೆದ 12 ಜನರಲ್ಲಿ 10 ಮಂದಿಗೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಅಗತ್ಯವೇ ಉಳಿದಿರಲಿಲ್ಲ. ದೊಡ್ಡ ಸುದ್ದಿ, ಅನುಮಾನವಿಲ್ಲ. ಆದರೆ ಇಂಥ ಸುದ್ದಿ ವಾಟ್ಸಾಪ್ ಹತ್ತಿ ದಾವಣಗೆರೆಗೋ ಚಿತ್ರದುರ್ಗಕ್ಕೋ ಬರುವಷ್ಟರಲ್ಲಿ ‘ಶುಗರ್ ಬೇರು ಸಮೇತ ಹೋಗುತ್ತಂತೆ’ ಎಂದಾಗಿರುತ್ತದೆ. ಮಗುವಿಗೆ ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚುವ ಜಗಳೂರು ಕಡೆಯ ತಾಯಿಯೂ, ಹದಿನೈದು ವರ್ಷದಿಂದ ಮಾತ್ರೆ ನುಂಗುತ್ತಿರುವ ಹರಿಹರದ ನಿವೃತ್ತ ಮೇಷ್ಟ್ರೂ ಡಾಕ್ಟರ ಮುಂದೆ ಕೇಳುವುದು ಒಂದೇ ಪ್ರಶ್ನೆ: ‘ನಮಗೂ ಮಾಡಿಸಬಹುದಾ ಸಾರ್?’

ಇಬ್ಬರಿಗೂ ಉತ್ತರ ಬೇರೆ ಬೇರೆ, ಏಕೆಂದರೆ ಇನ್ಸುಲಿನ್ ತಯಾರಿಸುವ ಬೀಟಾ ಕೋಶಕ್ಕೆ ಇಬ್ಬರಲ್ಲೂ ಬಂದಿರುವ ಗತಿ ಬೇರೆ. ಮಗುವಿನ ಟೈಪ್ 1ರಲ್ಲಿ ದೇಹದ ನಿರೋಧಕ ಶಕ್ತಿಯೇ ಅದನ್ನು ಕೊಂದಿದೆ, ಮೇಷ್ಟ್ರ ಟೈಪ್ 2ರಲ್ಲಿ ಅದು ದಣಿದಿದೆ. ಈ ಒಂದು ಕೋಶದ ಮೇಲೆ ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ನಡೆದಿದೆ. ಆ ಕೆಲಸದಿಂದ ನಮ್ಮ ಜಿಲ್ಲೆಗಳ ರೋಗಿಗೆ ಇವತ್ತೇ ಸಿಗಬಹುದಾದ ಲಾಭ ಕಸಿಯಲ್ಲಿಲ್ಲ. ತನ್ನಲ್ಲಿ ಬೀಟಾ ಕೋಶ ಎಷ್ಟು ಉಳಿದಿದೆ, ಯಾಕೆ ಸೋತಿದೆ ಎಂದು ತಿಳಿದುಕೊಂಡು ಅದಕ್ಕೆ ತಕ್ಕ ಔಷಧಿ ಪಡೆಯುವುದರಲ್ಲಿದೆ. ಎಷ್ಟೋ ಜನರಿಗೆ ಆ ಲಾಭ ಇನ್ನೂ ಮುಟ್ಟಿಲ್ಲ ಎಂಬುದೇ ಸಂಕಟ.

ಒಂದು ಗ್ರಾಂ ಕೋಶ

ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯ ತೂಕ ವಯಸ್ಕರಲ್ಲಿ 70ರಿಂದ 100 ಗ್ರಾಂ. ಅದರ ಬಹುಪಾಲು ಜೀರ್ಣರಸ ತಯಾರಿಸುವ ಕೆಲಸಕ್ಕೇ ಮೀಸಲು. 1869ರಲ್ಲಿ ಬರ್ಲಿನ್‌ನ 21 ವರ್ಷದ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಆ ಗ್ರಂಥಿಯ ನಡುವೆ ಅಲ್ಲಲ್ಲಿ ಬೇರೆಯೇ ಥರದ ಕೋಶಗಳ ಗುಂಪು ಇರುವುದನ್ನು ಗುರುತಿಸಿದ. ಅವುಗಳ ಕೆಲಸವೇನೆಂದು ಅವನಿಗೆ ತಿಳಿಯಲಿಲ್ಲ. ಇಪ್ಪತ್ತು ವರ್ಷದ ನಂತರ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯ ಮೇದೋಜೀರಕ ತೆಗೆದಾಗ ಅದಕ್ಕೆ ಮಧುಮೇಹ ಬಂತು. 1921ರಲ್ಲಿ ಟೊರಾಂಟೊದ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಚುಚ್ಚುಮದ್ದು ಶುದ್ಧವಾಗಿರಲಿಲ್ಲ, ಹೆಚ್ಚು ಪ್ರಯೋಜನವಾಗಲಿಲ್ಲ. ರಸಾಯನಶಾಸ್ತ್ರ ಬಲ್ಲ ಕಾಲಿಪ್ ಅದನ್ನು ಶುದ್ಧೀಕರಿಸಿಕೊಟ್ಟ ಮೇಲೆ, ಅದೇ ತಿಂಗಳ 23ರಂದು ಕೊಟ್ಟದ್ದು ಕೆಲಸ ಮಾಡಿತು.

ಲ್ಯಾಂಗರ್‌ಹಾನ್ಸ್ ಕಂಡ ಆ ಗುಂಪುಗಳೇ ಕಿರುದ್ವೀಪಗಳು. ಒಬ್ಬ ವಯಸ್ಕನಲ್ಲಿ ಸುಮಾರು ಹತ್ತು ಲಕ್ಷ ಇರುತ್ತವೆ. ಎಲ್ಲ ಸೇರಿಸಿದರೂ ಗ್ರಂಥಿಯ ಶೇ 1ರಿಂದ 2ರಷ್ಟು ಮಾತ್ರ. ಅದರಲ್ಲೂ ಅರ್ಧಕ್ಕಿಂತ ತುಸು ಹೆಚ್ಚು ಬೀಟಾ ಕೋಶ. ಅಂದರೆ ಇಡೀ ದೇಹದ ಇನ್ಸುಲಿನ್ ಬರುವುದು ಹೆಚ್ಚು ಕಡಿಮೆ ಒಂದು ಗ್ರಾಂ ತೂಕದ ಕೋಶದಿಂದ. ಒಂದೊಂದು ಬೀಟಾ ಕೋಶದಲ್ಲಿ ಇನ್ಸುಲಿನ್ ತುಂಬಿದ ಸುಮಾರು ಹತ್ತು ಸಾವಿರ ಕಣಗಳು ಸಿದ್ಧವಾಗಿರುತ್ತವೆ. ರಕ್ತದ ಸಕ್ಕರೆ 90 ಮಿಲಿಗ್ರಾಂ ದಾಟಿದಂತೆ ಕೋಶ ಅವನ್ನು ಹೊರಬಿಡಲು ಶುರು ಮಾಡುತ್ತದೆ. ಊಟವಾದ ಮೊದಲ ಹತ್ತು ನಿಮಿಷದಲ್ಲಿ ಒಂದು ದೊಡ್ಡ ಕಂತು, ಆಮೇಲೆ ನಿಧಾನವಾಗಿ ಉಳಿದದ್ದು. ಟೈಪ್ 2 ಮಧುಮೇಹದಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುವುದು ಆ ಮೊದಲ ಕಂತು. ಖಾಲಿ ಹೊಟ್ಟೆಯ ಸಕ್ಕರೆ ನಾರ್ಮಲ್ ಬಂದು ಊಟದ ನಂತರದ್ದು ಏರಿರುವ ರಿಪೋರ್ಟಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ಸಕ್ಕರೆ ಏರಿದ್ದು ಕೋಶಕ್ಕೆ ತಿಳಿಯುವುದು ಹೇಗೆ? 1980ರ ದಶಕದವರೆಗೂ ಇದಕ್ಕೆ ಸರಿಯಾದ ಉತ್ತರವಿರಲಿಲ್ಲ. ಉತ್ತರ ಹುಡುಕಿದವರಲ್ಲಿ ಮುಖ್ಯ ಹೆಸರು ಫ್ರಾನ್ಸಿಸ್ ಆಶ್‌ಕ್ರಾಫ್ಟ್.

ಒಂದೇ ನಾಳದ ಹಿಂದೆ ನಲವತ್ತು ವರ್ಷ

1952ರಲ್ಲಿ ಹುಟ್ಟಿದ ಆಶ್‌ಕ್ರಾಫ್ಟ್ ಕೇಂಬ್ರಿಜ್‌ನಲ್ಲಿ ಓದಿದವರು. ಪಿಎಚ್.ಡಿ.ಗೆ ಅವರು ಅಧ್ಯಯನ ಮಾಡಿದ್ದು ಕೀಟದ ಸ್ನಾಯುವಿನ ವಿದ್ಯುತ್ತನ್ನು, ಮಧುಮೇಹಕ್ಕೂ ಅದಕ್ಕೂ ಮೇಲ್ನೋಟಕ್ಕೆ ಸಂಬಂಧವೇ ಇಲ್ಲ. ಆದರೆ ಆ ಕೈಚಳಕವೇ ಮುಂದೆ ಆಕ್ಸ್‌ಫರ್ಡ್‌ನಲ್ಲಿ ಉಪಯೋಗಕ್ಕೆ ಬಂತು. ಬೀಟಾ ಕೋಶವೂ ವಿದ್ಯುತ್ತಿನಿಂದಲೇ ನಡೆಯುವ ಕೋಶ.

ಆಗ ಹೊಸದಾಗಿ ಬಂದಿದ್ದ ವಿಧಾನ ಪ್ಯಾಚ್ ಕ್ಲ್ಯಾಂಪ್. ಜರ್ಮನಿಯ ನೇಹರ್ ಮತ್ತು ಸಾಕ್‌ಮನ್ 1976ರಲ್ಲಿ ಪ್ರಕಟಿಸಿದ್ದು. 1991ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಗಾಜಿನ ಸಣ್ಣ ಕೊಳವೆಯನ್ನು ಕಾಯಿಸಿ ಎಳೆದು, ತುದಿಯನ್ನು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಇಳಿಸುತ್ತಾರೆ. ಅದನ್ನು ಕೋಶದ ಪೊರೆಗೆ ತಾಗಿಸಿ ಮೆಲ್ಲಗೆ ಗಾಳಿ ಎಳೆದರೆ ಪೊರೆ ಗಾಜಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆ ಚೂರು ಪೊರೆಯಲ್ಲಿ ಒಂದೇ ಒಂದು ಪ್ರೋಟೀನ್ ನಾಳ (ವಿದ್ಯುದಂಶ ಹೊತ್ತ ಕಣಗಳು ಪೊರೆ ದಾಟುವ ದಾರಿ) ತೆರೆದು ಮುಚ್ಚುವುದು ಪರದೆಯ ಮೇಲೆ ಮೆಟ್ಟಿಲಿನಂಥ ಗೆರೆಯಾಗಿ ಕಾಣುತ್ತದೆ. ಹರಿಯುವ ಕರೆಂಟು ಒಂದು ಆಂಪಿಯರ್‌ನ ಲಕ್ಷ ಕೋಟಿಯಲ್ಲಿ ಕೆಲವೇ ಭಾಗ. ಪಕ್ಕದಲ್ಲಿ ಯಾರಾದರೂ ಬಾಗಿಲು ಹಾಕಿದರೂ ಅಂಟು ಬಿಟ್ಟುಹೋಗುತ್ತದೆ, ಅದಕ್ಕೇ ಕಂಪನ ತಡೆಯುವ ಮೇಜು, ಸುತ್ತ ಲೋಹದ ಜಾಲರಿ ಬೇಕು. ಗಾಜಿನ ತುದಿಗೆ ಧೂಳು ಕೂತರೆ, ಅಥವಾ ಕೋಶ ಬೇರ್ಪಡಿಸಲು ಬಳಸಿದ ಕಿಣ್ವ ಪೊರೆಯ ಮೇಲೆ ಉಳಿದಿದ್ದರೆ ಅಂಟುವುದೇ ಇಲ್ಲ. ಪೊರೆಯ ಚೂರನ್ನು ಕೋಶದಿಂದ ಕಿತ್ತು ತೆಗೆದರೆ ಇನ್ನೊಂದು ಕಷ್ಟ: ಕೆಲವೇ ನಿಮಿಷದಲ್ಲಿ ನಾಳದ ಚಟುವಟಿಕೆ ತಾನಾಗಿಯೇ ಇಳಿಯುತ್ತ ಹೋಗುತ್ತದೆ, ಔಷಧಿಯ ಪರಿಣಾಮವೋ ನಾಳದ ಸುಸ್ತೋ ಎಂದು ಬೇರ್ಪಡಿಸಿ ನೋಡಬೇಕಾಗುತ್ತದೆ.

1984ರಲ್ಲಿ ಆಶ್‌ಕ್ರಾಫ್ಟ್ ಮತ್ತು ಜೊತೆಗಾರರು ಇಲಿಯ ಬೀಟಾ ಕೋಶದಲ್ಲಿ ಒಂದು ಪೊಟ್ಯಾಸಿಯಂ ನಾಳ ಹಿಡಿದರು. ಕೊಳವೆ ಅಂಟಿದ ಜಾಗಕ್ಕೆ ತಾಗದಂತೆ, ಹೊರಗಿನ ದ್ರಾವಣಕ್ಕೆ ಗ್ಲೂಕೋಸ್ ಹಾಕಿದರು. ನಾಳ ಮುಚ್ಚಿಕೊಂಡಿತು. ಈ ಪ್ರಯೋಗದ ಜಾಣತನ ಇರುವುದು ಅಲ್ಲೇ. ಗ್ಲೂಕೋಸ್ ನೇರವಾಗಿ ನಾಳವನ್ನು ಮುಟ್ಟಲು ಸಾಧ್ಯವಿರಲಿಲ್ಲ, ಅಂದಮೇಲೆ ಕೋಶ ಅದನ್ನು ಒಳಗೆ ತೆಗೆದುಕೊಂಡು ಉರಿಸಿದ ಮೇಲೆ ಹುಟ್ಟುವ ಏನೋ ಒಂದು ಸಂಕೇತ ನಾಳವನ್ನು ಮುಚ್ಚುತ್ತಿದೆ. ಆ ಸಂಕೇತ ಎಟಿಪಿ, ಕೋಶದ ಶಕ್ತಿಯ ಕಣ. ಅದೇ ವರ್ಷ ಕುಕ್ ಮತ್ತು ಹೇಲ್ಸ್ ಎಟಿಪಿ ಆ ನಾಳವನ್ನು ನೇರವಾಗಿ ಮುಚ್ಚುವುದನ್ನು ತೋರಿಸಿದರು.

ಸೂಳೆಕೆರೆಯ ತೂಬು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತೂಬು ತೆರೆದಿರುವವರೆಗೂ ಒಳಬಂದ ನೀರು ಹರಿದುಹೋಗುತ್ತದೆ, ಮಟ್ಟ ಏರುವುದಿಲ್ಲ. ತೂಬು ಮುಚ್ಚಿದರೆ ಮಟ್ಟ ಏರಿ ಕೋಡಿ ಬೀಳುತ್ತದೆ. ಬೀಟಾ ಕೋಶದಲ್ಲಿ ಪೊಟ್ಯಾಸಿಯಂ ನಾಳ ತೆರೆದಿರುವಾಗ ಧನ ವಿದ್ಯುದಂಶ ಹೊರಗೆ ಹರಿಯುತ್ತಿರುತ್ತದೆ, ಕೋಶ ಸುಮ್ಮನಿರುತ್ತದೆ. ಸಕ್ಕರೆ ಬಂದು ಎಟಿಪಿ ಹೆಚ್ಚಿ ನಾಳ ಮುಚ್ಚಿದಾಗ ಪೊರೆಯ ವಿದ್ಯುತ್ ಮಟ್ಟ ಏರುತ್ತದೆ, ಕ್ಯಾಲ್ಸಿಯಂ ನಾಳಗಳು ತೆರೆಯುತ್ತವೆ, ಒಳನುಗ್ಗಿದ ಕ್ಯಾಲ್ಸಿಯಂ ಇನ್ಸುಲಿನ್ ಕಣಗಳನ್ನು ಹೊರಗೆ ತಳ್ಳುತ್ತದೆ.

ಈ ನಾಳ ಹುಟ್ಟಿನಿಂದಲೇ ಮುಚ್ಚಿಕೊಳ್ಳದಿದ್ದರೆ? ಇನ್ಸುಲಿನ್ ತಯಾರಾಗಿ ಕೋಶದೊಳಗೇ ಕೊಳೆಯುತ್ತದೆ, ಮಗು ಮಧುಮೇಹದೊಂದಿಗೆ ಹುಟ್ಟುತ್ತದೆ. ತರ್ಕ ಸರಳ. ಆದರೆ ಅಂಥ ಮಗುವನ್ನು ಹುಡುಕಲು ಇಪ್ಪತ್ತು ವರ್ಷ ಬೇಕಾಯಿತು. 1995ರಲ್ಲಿ ನಾಳದ ಜೀನ್‌ಗಳು ಸಿಕ್ಕವು. 2000ದಲ್ಲಿ ಅಮೆರಿಕದ ಕಾಲಿನ್ ನಿಕೋಲ್ಸ್ ತಂಡ, ಈ ನಾಳ ಅತಿಯಾಗಿ ತೆರೆದಿರುವಂತೆ ಮಾಡಿದ ಇಲಿಮರಿಗಳಿಗೆ ಹುಟ್ಟುತ್ತಲೇ ತೀವ್ರ ಮಧುಮೇಹ ಬರುವುದನ್ನು ತೋರಿಸಿತು. ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿದ್ದ ವೈದ್ಯ ಆಂಡ್ರ್ಯೂ ಹ್ಯಾಟರ್ಸ್‌ಲಿ ನವಜಾತ ಶಿಶುಗಳ ಮಧುಮೇಹದತ್ತ ತಿರುಗಿದರು. 2004ರಲ್ಲಿ ಅವರ ತಂಡ, ಆಶ್‌ಕ್ರಾಫ್ಟ್ ಜೊತೆಗೂಡಿ, 29 ರೋಗಿಗಳ ಜೀನ್ ಪರೀಕ್ಷಿಸಿ 10 ಜನರಲ್ಲಿ ಈ ನಾಳದ ದೋಷ ಕಂಡುಹಿಡಿಯಿತು.

ಆ ಮಕ್ಕಳೆಲ್ಲ ಟೈಪ್ 1 ಎಂದೇ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದವರು. ಈ ನಾಳವನ್ನು ಎಟಿಪಿ ಇಲ್ಲದೆಯೂ ಮುಚ್ಚುವ ಮಾತ್ರೆಗಳು ಅಂಗಡಿಯಲ್ಲಿ ದಶಕಗಳಿಂದ ಇದ್ದವು: ಸಲ್ಫೊನೈಲ್ಯೂರಿಯಾ ಗುಂಪಿನವು, ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಇತ್ಯಾದಿ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 49 ರೋಗಿಗಳಲ್ಲಿ 44 ಮಂದಿ ಇನ್ಸುಲಿನ್ ಪೂರ್ತಿ ನಿಲ್ಲಿಸಿ ಮಾತ್ರೆಗೆ ಬದಲಾದರು, ಸಕ್ಕರೆಯೂ ಮೊದಲಿಗಿಂತ ಹತೋಟಿಗೆ ಬಂತು. ಮಧುಮೇಹ ಸಂಶೋಧನೆಯಲ್ಲಿ ಇಷ್ಟು ನೇರವಾಗಿ ರೋಗಿಯ ಕೈಗೆ ಬಂದ ಫಲ ಬಹಳ ಅಪರೂಪ. ನವಜಾತ ಮಧುಮೇಹ ವಿರಳ ಕಾಯಿಲೆ ನಿಜ. ಆದರೆ ಆ ಒಂದು ಮನೆಗೆ ಜೀವನವಿಡೀ ಸೂಜಿಯೋ ಮಾತ್ರೆಯೋ ಎಂಬ ವ್ಯತ್ಯಾಸ ಅದು.

ಆದ್ದರಿಂದ ನಿಯಮವಿಷ್ಟು: ಹುಟ್ಟಿದ ಆರು ತಿಂಗಳೊಳಗೆ ಮಧುಮೇಹ ಕಾಣಿಸಿಕೊಂಡ ಯಾವುದೇ ವ್ಯಕ್ತಿಗೆ, ಈಗ ವಯಸ್ಸು ಎಷ್ಟೇ ಆಗಿರಲಿ, ಜೀನ್ ಪರೀಕ್ಷೆ ಆಗಬೇಕು. ಆ ವಯಸ್ಸಿನಲ್ಲಿ ಟೈಪ್ 1 ಬರುವುದು ತೀರಾ ಕಡಿಮೆ. ಸ್ವಲ್ಪ ರಕ್ತ ಸಾಕು. ಎಕ್ಸಿಟರ್ ತಂಡ ಜಗತ್ತಿನ ನಾನಾ ಕಡೆಯ ಇಂಥ ಮಕ್ಕಳ ಪರೀಕ್ಷೆಯನ್ನು ಉಚಿತವಾಗಿ ಮಾಡಿಕೊಟ್ಟಿದೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನಲ್ಲೂ ಈ ಕೆಲಸ ನಡೆಯುತ್ತದೆ. ರಿಪೋರ್ಟ್ ಬರುವ ಮೊದಲೇ ಇನ್ಸುಲಿನ್ ನಿಲ್ಲಿಸಬಾರದು. ದೋಷ ಖಚಿತವಾದ ಮೇಲೂ ಬದಲಾವಣೆ ಆಸ್ಪತ್ರೆಯಲ್ಲೇ ಆಗಬೇಕು, ಏಕೆಂದರೆ ಈ ಮಕ್ಕಳಿಗೆ ತೂಕಕ್ಕೆ ಹೋಲಿಸಿದರೆ ವಯಸ್ಕರಿಗಿಂತ ಹೆಚ್ಚಿನ ಪ್ರಮಾಣದ ಮಾತ್ರೆ ಬೇಕಾಗುತ್ತದೆ, ಮಾತ್ರೆ ಏರಿಸುತ್ತ ಇನ್ಸುಲಿನ್ ಇಳಿಸುತ್ತ ಹೋಗಬೇಕಾಗುತ್ತದೆ.

ಹೊಲದಲ್ಲಿ ಬೆವರು ಯಾಕೆ ಬರುತ್ತದೆ

ಅದೇ ನಾಳ ನಮ್ಮ ಕಡೆ ದಿನನಿತ್ಯದ ಒಂದು ಅಪಾಯವನ್ನೂ ವಿವರಿಸುತ್ತದೆ. ಸಲ್ಫೊನೈಲ್ಯೂರಿಯಾಗಳು ಮಧುಮೇಹಕ್ಕೆಂದು ಹುಡುಕಿದ ಔಷಧಿಗಳಲ್ಲ. 1942ರಲ್ಲಿ ಫ್ರಾನ್ಸಿನ ಮಾಂಟ್‌ಪೆಲಿಯೆಯಲ್ಲಿ ಟೈಫಾಯ್ಡ್ ರೋಗಿಗಳಿಗೆ ಒಂದು ಸಲ್ಫಾ ಔಷಧಿ ಕೊಟ್ಟಾಗ ಸಕ್ಕರೆ ತೀರಾ ಇಳಿದದ್ದನ್ನು ಜಾನ್‌ಬಾನ್ ಎಂಬ ವೈದ್ಯ ಗಮನಿಸಿದ. ಲೂಬಾತಿಯೇ ಅದರ ಕಾರಣ ಹುಡುಕಿದ. ಅಂದರೆ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವ ಗುಣ ಈ ಮಾತ್ರೆಯ ಹುಟ್ಟಿನಲ್ಲೇ ಇದೆ. ಸಕ್ಕರೆ ಇದ್ದರೂ ಇಲ್ಲದಿದ್ದರೂ ಅದು ನಾಳ ಮುಚ್ಚುತ್ತದೆ, ಇನ್ಸುಲಿನ್ ಬಿಡಿಸುತ್ತದೆ.

ಬೆಳಿಗ್ಗೆ ಗ್ಲಿಮಿಪಿರೈಡ್ ನುಂಗಿ, ಒಂದು ಲೋಟ ಚಹಾ ಕುಡಿದು ಮೆಕ್ಕೆಜೋಳ ಮುರಿಯಲು ಹೊಲಕ್ಕೆ ಹೋದವರ ಊಟ ಮಧ್ಯಾಹ್ನ ಮೂರಕ್ಕೆ ಬಂದರೆ ಏನಾಗಬಹುದು ಎಂಬುದು ಇದರಲ್ಲೇ ಇದೆ: ಮೈ ಬೆವರುವುದು, ಕೈ ನಡುಗುವುದು, ಕಣ್ಣು ಮಂಜಾಗುವುದು, ಮಾತು ತೊದಲುವುದು. ಬಿಸಿಲಿಗೆ ತಲೆ ತಿರುಗಿತು ಅಂತ ನೆರಳಲ್ಲಿ ಮಲಗಿಸಿದರೆ ಸಾಲದು. ಎಚ್ಚರವಿದ್ದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ, ಅಂದರೆ 15 ಗ್ರಾಂ ಆಸುಪಾಸು, ನೀರಲ್ಲಿ ಕರಗಿಸಿ ಕೊಡಬೇಕು. 15 ನಿಮಿಷಕ್ಕೆ ಸುಧಾರಿಸದಿದ್ದರೆ ಇನ್ನೊಮ್ಮೆ. ಆಮೇಲೆ ಊಟ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ನೇರ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆ ಕೊಟ್ಟ ಮೇಲೆ ಎದ್ದು ಕೂತರು ಎಂದು ಅಷ್ಟಕ್ಕೇ ಬಿಡುವಂತೆಯೂ ಇಲ್ಲ. ಮಾತ್ರೆಯ ಪರಿಣಾಮ ಇಡೀ ದಿನ ಇರುವುದರಿಂದ ಎರಡು ಗಂಟೆ ಬಿಟ್ಟು ಮತ್ತೆ ಇಳಿಯಬಹುದು. ಕಿಡ್ನಿ ಸೋತ ವಯಸ್ಸಾದವರಲ್ಲಿ, ಮುಖ್ಯವಾಗಿ ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವವರಲ್ಲಿ, ಇದು ಇನ್ನೂ ದೀರ್ಘ. ಶಿವರಾತ್ರಿ, ಶ್ರಾವಣ ಸೋಮವಾರ, ರಂಜಾನ್ ಉಪವಾಸ ಇಟ್ಟುಕೊಂಡವರು ವಾರ ಮೊದಲೇ ಡಾಕ್ಟರನ್ನು ಕೇಳಿ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಬೇಕು.

ಕಿರುದ್ವೀಪ ಬಿಡಿಸುವ ಕೆಲಸ

ಸಂಶೋಧನೆ ಇಷ್ಟು ನಿಧಾನ ಯಾಕೆ ಎಂದು ಕೇಳುವವರು ಒಂದು ಕಿರುದ್ವೀಪವನ್ನು ಗ್ರಂಥಿಯಿಂದ ಬಿಡಿಸುವ ಪಾಡನ್ನು ತಿಳಿಯಬೇಕು. 1967ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಪಾಲ್ ಲೇಸಿ ಮತ್ತು ಮೇರಿ ಕೊಸ್ಟಿಯಾನೊವ್‌ಸ್ಕಿ ರೂಪಿಸಿದ ವಿಧಾನವೇ ಇವತ್ತಿಗೂ ತಳಹದಿ.

ಇಲಿಯ ಪಿತ್ತನಾಳ ಕರುಳಿಗೆ ಸೇರುವ ಬಾಯನ್ನು ಮೊದಲು ಕ್ಲಿಪ್ಪು ಹಾಕಿ ಮುಚ್ಚುತ್ತಾರೆ, ಇಲ್ಲದಿದ್ದರೆ ದ್ರಾವಣವೆಲ್ಲ ಕರುಳಿಗೆ ಹೋಗಿಬಿಡುತ್ತದೆ. ನಂತರ ಸಣ್ಣ ಸೂಜಿಯಿಂದ ನಾಳದೊಳಗೆ ಗ್ರಂಥಿಯನ್ನು ಸಡಿಲಿಸುವ ಕಿಣ್ವವಾದ ಕೊಲಾಜಿನೇಸ್‌ನ ತಣ್ಣನೆಯ ದ್ರಾವಣ ತುಂಬುತ್ತಾರೆ: ಸುಂಡಿಲಿಗೆ 3 ಮಿಲಿ ಆಸುಪಾಸು, ದೊಡ್ಡ ಇಲಿಗೆ ಹತ್ತರ ಹತ್ತಿರ. ಗ್ರಂಥಿ ಉಬ್ಬಿ ಬೆಳ್ಳಗಾದರೆ ಸರಿಯಾಗಿ ತುಂಬಿದೆ ಎಂದರ್ಥ. ಬಾಲದ ಕಡೆ ಉಬ್ಬದಿದ್ದರೆ ಫಸಲು ಅರ್ಧಕ್ಕೆ ಇಳಿದಂತೆ, ಕಿರುದ್ವೀಪ ಹೆಚ್ಚಿರುವುದೇ ಆ ಕಡೆ. ಗ್ರಂಥಿಯನ್ನು ಬಿಡಿಸಿ 37 ಡಿಗ್ರಿ ನೀರಲ್ಲಿ 12ರಿಂದ 20 ನಿಮಿಷ ಇಡುತ್ತಾರೆ, ಅಲುಗಾಡಿಸುತ್ತಾರೆ, ತಣ್ಣನೆಯ ದ್ರಾವಣ ಸುರಿದು ಕಿಣ್ವವನ್ನು ನಿಲ್ಲಿಸುತ್ತಾರೆ. ಎಲ್ಲ ಕೆಡುವುದೂ ಈ ಕೆಲವು ನಿಮಿಷಗಳಲ್ಲೇ. ಎರಡು ನಿಮಿಷ ಕಡಿಮೆಯಾದರೆ ಕಿರುದ್ವೀಪದ ಸುತ್ತ ಜೀರ್ಣರಸದ ಕೋಶಗಳು ಅಂಟಿಕೊಂಡೇ ಉಳಿಯುತ್ತವೆ. ಎರಡು ನಿಮಿಷ ಹೆಚ್ಚಾದರೆ ಅಂಚು ಹರಿದು, ಕೋಶಗಳು ಬಿಡಿಬಿಡಿಯಾಗಿ ಸಾಯುತ್ತವೆ. ಕೊಲಾಜಿನೇಸ್‌ನ ಒಂದು ಬ್ಯಾಚಿನಂತೆ ಇನ್ನೊಂದಿರುವುದಿಲ್ಲ, ಹಾಗಾಗಿ ಹೊಸ ಸೀಸೆ ಬಂದಾಗಲೆಲ್ಲ ಹೊತ್ತನ್ನು ಹೊಸದಾಗಿ ಗೊತ್ತುಮಾಡಿಕೊಳ್ಳಬೇಕು.

ಆಮೇಲೆ ಜಾಲರಿಯಲ್ಲಿ ಸೋಸಿ, ಸಾಂದ್ರತೆ ಬೇರೆ ಬೇರೆ ಇರುವ ದ್ರವಗಳ ಪದರದಲ್ಲಿ ತಿರುಗಿಸಿ, ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಕೈಯಲ್ಲೇ ಆರಿಸುತ್ತಾರೆ. ಡೈಥಿಜೋನ್ ಎಂಬ ಬಣ್ಣ ಹಾಕಿದರೆ ಕಿರುದ್ವೀಪ ಕೆಂಪಾಗುತ್ತದೆ, ಇನ್ಸುಲಿನ್ ಜೊತೆ ಸತು ಇರುವುದರಿಂದ. ಒಂದು ಸುಂಡಿಲಿಯಿಂದ ಸಿಗುವುದು ಇನ್ನೂರು ಮುನ್ನೂರು. ದೊಡ್ಡ ಕಿರುದ್ವೀಪಗಳ ನಡುಭಾಗ ಮರುದಿನ ಕಪ್ಪಾಗಿದ್ದರೆ ಆಮ್ಲಜನಕ ಸಿಗದೆ ಸತ್ತಿವೆ ಎಂದು ತಿಳಿಯಬೇಕು. ಉಳಿದವು ನಿಜಕ್ಕೂ ಕೆಲಸ ಮಾಡುತ್ತಿವೆಯೇ ಎಂದು ನೋಡಲು ಮೊದಲು ಕಡಿಮೆ ಗ್ಲೂಕೋಸ್, 2.8 ಮಿಲಿಮೋಲಾರ್; ನಂತರ ಹೆಚ್ಚು, 16.7. ಒಂದೊಂದರಲ್ಲೂ ಒಂದು ಗಂಟೆ ಇಟ್ಟು ಹೊರಬಂದ ಇನ್ಸುಲಿನ್ ಅಳೆಯುತ್ತಾರೆ. ಎರಡಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ನೋಡಲು ಎಷ್ಟೇ ಚೆನ್ನಾಗಿದ್ದರೂ ಆ ಕೋಶ ಉಪಯೋಗಕ್ಕಿಲ್ಲ.

ಇಷ್ಟಾದರೂ ಇಲಿಯದ್ದು ಮನುಷ್ಯನದ್ದಲ್ಲ. ಇಲಿಯಲ್ಲಿ ಬೀಟಾ ಕೋಶ ನಡುವೆ, ಉಳಿದವು ಅಂಚಿನಲ್ಲಿ. ಮನುಷ್ಯರಲ್ಲಿ ಎಲ್ಲ ಬೆರೆತಿರುತ್ತವೆ. ಇಲಿಯಲ್ಲಿ ಗೆದ್ದ ಎಷ್ಟೋ ಔಷಧಿ ಮನುಷ್ಯರಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ.

ಮನುಷ್ಯರ ಗ್ರಂಥಿಗೆ ಇದೇ ಕೆಲಸವನ್ನು ಯಂತ್ರಕ್ಕೆ ಒಗ್ಗಿಸಿದವರು ಕಮಿಲ್ಲೊ ರಿಕಾರ್ಡಿ, 1980ರ ದಶಕದ ಕೊನೆಯಲ್ಲಿ. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪೀರೊ ತಂಡ 7 ರೋಗಿಗಳಿಗೆ ದಾನಿಗಳ ಕಿರುದ್ವೀಪ ಕೊಟ್ಟಿತು. ಏಳೂ ಜನ ಇನ್ಸುಲಿನ್ ಬಿಟ್ಟರು. ಆದರೆ ಒಬ್ಬ ರೋಗಿಗೆ ಸಾಮಾನ್ಯವಾಗಿ ಇಬ್ಬರು ಮೃತ ದಾನಿಗಳು ಬೇಕಾದರು, ವರ್ಷಗಳು ಕಳೆದಂತೆ ಬಹಳ ಜನ ಮತ್ತೆ ಇನ್ಸುಲಿನ್‌ಗೆ ಮರಳಿದರು. ದಾನಿಗಳನ್ನೇ ನೆಚ್ಚಿಕೊಂಡರೆ ಲೆಕ್ಕ ಎಂದೂ ಸರಿಹೋಗುವುದಿಲ್ಲ.

2025ರ ಸುದ್ದಿ, ಪೂರ್ತಿಯಾಗಿ

ಕಾಂಡಕೋಶದ ದಾರಿ ಹಿಡಿದವರು ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್. ತಮ್ಮ ಮಗನಿಗೆ ಶಿಶುವಾಗಿದ್ದಾಗಲೇ ಟೈಪ್ 1 ಬಂದ ಮೇಲೆ ಕಪ್ಪೆಯ ಭ್ರೂಣದ ಅಧ್ಯಯನ ಬಿಟ್ಟು ಬೀಟಾ ಕೋಶಕ್ಕೆ ಬಂದವರು ಅವರು. 2014ರಲ್ಲಿ ಅವರ ತಂಡ ಮಾನವ ಕಾಂಡಕೋಶವನ್ನು ಆರು ಹಂತದಲ್ಲಿ, ನಾಲ್ಕೈದು ವಾರ ಬೇರೆ ಬೇರೆ ಪ್ರಚೋದಕ ಕೊಡುತ್ತ, ಬೀಟಾ ಕೋಶವನ್ನಾಗಿ ತಿರುಗಿಸುವ ಕ್ರಮ ಪ್ರಕಟಿಸಿತು. ಗರ್ಭದಲ್ಲಿ ಮೇದೋಜೀರಕ ಬೆಳೆಯುವ ಹಾದಿಯನ್ನೇ ಫ್ಲಾಸ್ಕಿನಲ್ಲಿ ಮತ್ತೆ ನಡೆಸುವ ಕೆಲಸವದು. ಒಂದು ಹಂತ ತುಸು ತಪ್ಪಿದರೂ ಎರಡೆರಡು ಹಾರ್ಮೋನ್ ಬಿಡುವ ಅರೆಬರೆ ಕೋಶಗಳು ಬರುತ್ತವೆ. ಬದಲಾಗದೆ ಉಳಿದ ಕಾಂಡಕೋಶ ಒಂದಷ್ಟು ಸೇರಿಕೊಂಡರೆ ಗೆಡ್ಡೆಯಾಗುವ ಭಯ.

2025ರ ಪ್ರಯೋಗದಲ್ಲಿ ಒಬ್ಬೊಬ್ಬರಿಗೆ ಕೊಟ್ಟದ್ದು 80 ಕೋಟಿ ಕೋಶ, ಯಕೃತ್ತಿಗೆ ಹೋಗುವ ಪೋರ್ಟಲ್ ರಕ್ತನಾಳದ ಮೂಲಕ. ಆಯ್ಕೆಯಾದವರು ಸಾಮಾನ್ಯ ರೋಗಿಗಳಲ್ಲ. ಸಕ್ಕರೆ ಇಳಿದಾಗ ಮುನ್ಸೂಚನೆಯೇ ತಿಳಿಯದೆ ಮತ್ತೆ ಮತ್ತೆ ಪ್ರಜ್ಞೆ ತಪ್ಪುತ್ತಿದ್ದವರು. ಅವರೆಲ್ಲ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯನ್ನು ಬಿಡದೆ ತೆಗೆದುಕೊಳ್ಳಬೇಕು. ಪ್ರಯೋಗದಲ್ಲಿದ್ದವರಲ್ಲಿ ಇಬ್ಬರು ತೀರಿಕೊಂಡರು, ಅದರಲ್ಲಿ ಒಬ್ಬರ ಸಾವಿಗೆ ಕಾರಣ ಶಿಲೀಂಧ್ರದಿಂದ ಬಂದ ಮೆದುಳುಪೊರೆಯ ಸೋಂಕು. ವಾಟ್ಸಾಪ್ ಸಂದೇಶಗಳಲ್ಲಿ ಈ ಸಾಲು ಇರುವುದಿಲ್ಲ. ಜಗಳೂರಿನ ತಾಯಿಗೆ ಇದನ್ನು ಹೇಳಲೇಬೇಕು: ಸೂಜಿಯ ಬದಲು ಸೋಂಕಿನ ಭಯದಲ್ಲಿ ಬೆಳೆಯುವ ಮಗುವನ್ನು ಈಗಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ.

ಆ ಔಷಧಿಯೇ ಬೇಡದಂತೆ ಮಾಡುವ ಯತ್ನ ನಡೆದಿದೆ. ಚೀನಾದಲ್ಲಿ 2023ರ ಜೂನ್‌ನಲ್ಲಿ 25 ವರ್ಷದ ಮಹಿಳೆಗೆ ಅವರದೇ ದೇಹದ ಕೋಶದಿಂದ ತಯಾರಿಸಿದ ಕಿರುದ್ವೀಪವನ್ನು ಹೊಟ್ಟೆಯ ಸ್ನಾಯುವಿನ ಪೊರೆಯಡಿ ಇಟ್ಟರು; 75 ದಿನದ ಹೊತ್ತಿಗೆ ಇನ್ಸುಲಿನ್ ನಿಂತಿತು. ಆದರೆ ಆಕೆ ಯಕೃತ್ತಿನ ಕಸಿಗಾಗಿ ಮೊದಲೇ ನಿರೋಧಕ ತಗ್ಗಿಸುವ ಔಷಧಿಯಲ್ಲಿದ್ದರು. ಸ್ವೀಡನ್‌ನಲ್ಲಿ ಒಬ್ಬ ರೋಗಿಗೆ ಜೀನ್ ತಿದ್ದಿದ ದಾನಿಯ ಕೋಶಗಳನ್ನು ಮುಂಗೈ ಸ್ನಾಯುವಿನಲ್ಲಿ, ಯಾವ ಔಷಧಿಯೂ ಇಲ್ಲದೆ ಇಟ್ಟ ವರದಿ 2025ರಲ್ಲಿ ಬಂತು. ಕೋಶ ಬದುಕಿ ಇನ್ಸುಲಿನ್ ಬಿಟ್ಟಿತು. ಕೊಟ್ಟ ಪ್ರಮಾಣ ಕಡಿಮೆಯಿದ್ದುದರಿಂದ ಅವರ ಚುಚ್ಚುಮದ್ದು ನಿಲ್ಲಲಿಲ್ಲ. ಭರವಸೆ ಇರುವುದು ಈ ದಿಕ್ಕಿನಲ್ಲೇ.

ಅಲ್ಲಿಯವರೆಗೆ ಟೈಪ್ 1 ಮಗುವಿಗೆ ಇನ್ಸುಲಿನ್ನೇ ಜೀವ, ಅದು ಕೆಡದಂತೆ ಇಡುವುದೇ ಮೊದಲ ಚಿಕಿತ್ಸೆ. ತೆರೆಯದ ಸೀಸೆ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್‌ನ ಬಾಗಿಲ ಬಳಿ. ಐಸ್ ಪೆಟ್ಟಿಗೆಗೆ ತಾಗಿದರೆ ಹೆಪ್ಪುಗಟ್ಟಿ ಹಾಳು. ತೆರೆದದ್ದು ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ. ಚಳ್ಳಕೆರೆ, ಹಿರಿಯೂರು ಕಡೆ ಏಪ್ರಿಲ್‌ನಲ್ಲಿ 40 ಡಿಗ್ರಿ ಹತ್ತಿರ ಹೋಗುವಾಗ, ಕರೆಂಟು ನೆಚ್ಚುವಂತಿಲ್ಲದ ಮನೆಯಲ್ಲಿ ಮರಳು ತುಂಬಿ ನೀರು ಚಿಮುಕಿಸಿದ ಮಣ್ಣಿನ ಮಡಕೆಯೊಳಗೆ ಇನ್ನೊಂದು ಮಡಕೆ ಇಟ್ಟು ಅದರಲ್ಲಿ ಸೀಸೆ ಇಡಬಹುದು. ಸಿರಿಂಜಿನ ವಿಷಯದಲ್ಲೂ ಎಚ್ಚರ ಬೇಕು. ನಮ್ಮಲ್ಲಿ ಸಿಗುವ ಹೆಚ್ಚಿನ ಸೀಸೆ ಮಿಲಿಗೆ 40 ಯುನಿಟ್ಟಿನವು, ಅವಕ್ಕೆ ಕೆಂಪು ಮುಚ್ಚಳದ ಸಿರಿಂಜೇ ಆಗಬೇಕು. ಅದೇ ಸೀಸೆಯಿಂದ 100ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 8 ಯುನಿಟ್ ಮಾತ್ರ. ಉಲ್ಟಾ ಆದರೆ, 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ 20ಕ್ಕೆ ಎಳೆದರೆ, 50 ಯುನಿಟ್ ಹೋಗುತ್ತದೆ. ಜೀವಕ್ಕೇ ಅಪಾಯ.

ಮೇಷ್ಟ್ರಿಗೆ ಹೇಳಬೇಕಾದ್ದು

ಹರಿಹರದ ಮೇಷ್ಟ್ರ ಟೈಪ್ 2ಕ್ಕೆ ಕಸಿ ಉತ್ತರವಲ್ಲ. ಅವರ ಬೀಟಾ ಕೋಶವನ್ನು ನಿರೋಧಕ ಶಕ್ತಿ ಕೊಂದಿಲ್ಲ; ಅದು ದಣಿದಿದೆ, ಒಂದಷ್ಟು ಸತ್ತಿದೆ. 2003ರಲ್ಲಿ ಪೀಟರ್ ಬಟ್ಲರ್ ತಂಡ ಮೃತರ ಮೇದೋಜೀರಕ ಪರೀಕ್ಷಿಸಿದಾಗ, ಟೈಪ್ 2 ಇದ್ದ ದಪ್ಪ ದೇಹದವರಲ್ಲಿ ಬೀಟಾ ಕೋಶ ಶೇ 63ರಷ್ಟು, ತೆಳ್ಳಗಿನವರಲ್ಲಿ ಶೇ 41ರಷ್ಟು ಕಡಿಮೆ ಇತ್ತು. ಅಂದರೆ ಉಳಿದಿರುವುದೂ ಸಾಕಷ್ಟಿದೆ. 2012ರಲ್ಲಿ ಡೊಮೆನಿಕೊ ಅಕ್ಕಿಲಿ ತಂಡ ಇಲಿಗಳಲ್ಲಿ ತೋರಿಸಿದ್ದು ಇನ್ನೂ ಮುಖ್ಯ: ಕಾಣೆಯಾದಂತಿದ್ದ ಬೀಟಾ ಕೋಶಗಳಲ್ಲಿ ಎಷ್ಟೋ ಸತ್ತಿರಲಿಲ್ಲ, ಇನ್ಸುಲಿನ್ ತಯಾರಿಸುವ ಗುಣ ಕಳೆದುಕೊಂಡು ಉಳಿದಿದ್ದವು.

ಬ್ರಿಟನ್ನಿನ ರಾಯ್ ಟೇಲರ್ ಮತ್ತು ಮೈಕ್ ಲೀನ್ ನಡೆಸಿದ ಪ್ರಯೋಗದಲ್ಲಿ, ಕಾಯಿಲೆ ಬಂದು ಆರು ವರ್ಷದೊಳಗಿನ, ಇನ್ಸುಲಿನ್ ಶುರು ಮಾಡದ ರೋಗಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿ ಆಸುಪಾಸಿನ ಆಹಾರವಷ್ಟೇ ಕೊಟ್ಟರು. ಒಂದು ವರ್ಷಕ್ಕೆ ಶೇ 46 ಜನರಿಗೆ ಯಾವ ಮಾತ್ರೆಯೂ ಇಲ್ಲದೆ ಸಕ್ಕರೆ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು, 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ 86. ಅವರ ಮೇದೋಜೀರಕದಲ್ಲಿ ಇನ್ಸುಲಿನ್‌ನ ಆ ಮೊದಲ ಕಂತು ಮರಳಿತ್ತು. ‘ನಾನು ದಪ್ಪ ಇಲ್ಲವಲ್ಲ’ ಎನ್ನುವವರಿಗೂ ಉತ್ತರವಿದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಮೈಯ ಲೆಕ್ಕ ಕೊಟ್ಟರು: ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 22.3, ಮೈಯ ಕೊಬ್ಬು ಯಡ್ಕಿನ್‌ರಲ್ಲಿ ಶೇ 9.1, ಯಾಜ್ಞಿಕ್‌ರಲ್ಲಿ ಶೇ 21.2. ನಮ್ಮ ಮೈ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಕೂತಿರುತ್ತದೆ. ಟೇಲರ್ ತಂಡವೇ ಆಮೇಲೆ ಸಾಮಾನ್ಯ ತೂಕದ 20 ರೋಗಿಗಳ ಮೇಲೆ ತೂಕ ಇಳಿಸುವ ಪ್ರಯೋಗ ಮಾಡಿದಾಗ 14 ಮಂದಿಗೆ ಇದೇ ಫಲ ಸಿಕ್ಕಿತು. ಸ್ವಂತ ಧೈರ್ಯದಿಂದ ಇದಕ್ಕೆ ಕೈಹಾಕಬಾರದು. ಇಷ್ಟು ಕಡಿಮೆ ಊಟದ ಮೊದಲ ದಿನವೇ ಸಲ್ಫೊನೈಲ್ಯೂರಿಯಾ ನಿಲ್ಲಿಸದಿದ್ದರೆ ಸಕ್ಕರೆ ಕುಸಿಯುತ್ತದೆ. ಅನ್ನ ಬಿಟ್ಟು ರಾಗಿ ಮುದ್ದೆ ಹಿಡಿದರೆ ಸಾಕು ಎಂಬ ನಂಬಿಕೆಯೂ ಅರ್ಧ ಸತ್ಯ. ರಾಗಿ ಹಿಟ್ಟಿನಲ್ಲೂ ಮೂರನೇ ಎರಡು ಪಾಲು ಪಿಷ್ಟವೇ, ಮುದ್ದೆಯ ಗಾತ್ರವೇ ಲೆಕ್ಕ.

ಹದಿನೈದು ವರ್ಷವಾದ ಮೇಲೆ ಈ ಅವಕಾಶ ಕಿರಿದಾಗುತ್ತದೆ. ಮೇಷ್ಟ್ರಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಇರುವುದು ಸಿ-ಪೆಪ್ಟೈಡ್ ಪರೀಕ್ಷೆ. 1967ರಲ್ಲಿ ಶಿಕಾಗೊದ ಡೊನಾಲ್ಡ್ ಸ್ಟೈನರ್, ಇನ್ಸುಲಿನ್ ಮೊದಲು ಉದ್ದನೆಯ ಸರಪಳಿಯಾಗಿ ಹುಟ್ಟುತ್ತದೆ ಎಂದು ತೋರಿಸಿದರು. ಅದನ್ನು ಕತ್ತರಿಸಿದಾಗ ಒಂದು ಇನ್ಸುಲಿನ್‌ಗೆ ಒಂದು ಸಿ-ಪೆಪ್ಟೈಡ್ ತುಂಡು ಉಳಿಯುತ್ತದೆ. ಚುಚ್ಚುವ ಇನ್ಸುಲಿನ್‌ನಲ್ಲಿ ಈ ತುಂಡಿರುವುದಿಲ್ಲ, ಹಾಗಾಗಿ ಇನ್ಸುಲಿನ್ ತೆಗೆದುಕೊಳ್ಳುವವರಲ್ಲೂ ಸ್ವಂತ ಉತ್ಪಾದನೆ ಎಷ್ಟೆಂದು ತಿಳಿಯುತ್ತದೆ. ಊಟವಾಗಿ ಐದು ಗಂಟೆಯೊಳಗೆ ತೆಗೆದ ರಕ್ತದಲ್ಲಿ ಮಿಲಿಗೆ 0.6 ನ್ಯಾನೊಗ್ರಾಂಗಿಂತ ಕಡಿಮೆ ಬಂದರೆ ಕೋಶ ಹೆಚ್ಚು ಕಡಿಮೆ ಖಾಲಿ, ಟೈಪ್ 1ರ ಕಡೆ ಯೋಚಿಸಬೇಕು, ಇನ್ಸುಲಿನ್ ನಿಲ್ಲಿಸುವಂತಿಲ್ಲ. 1.8 ದಾಟಿದರೆ ಕೋಶ ಸಾಕಷ್ಟಿದೆ. ನಡುವೆ ಬಂದರೆ, ನಿರೋಧಕ ಶಕ್ತಿ ಬೀಟಾ ಕೋಶದ ಮೇಲೆ ತಿರುಗಿಬಿದ್ದಿದೆಯೇ ಎಂದು ತಿಳಿಸುವ ಜಿಎಡಿ ಪ್ರತಿಕಾಯದ ಪರೀಕ್ಷೆ, ಮತ್ತೊಮ್ಮೆ ಅಳತೆ.

ಎಡವುವ ಜಾಗಗಳೂ ಇವೆ. ಅದೇ ಹೊತ್ತಿನ ಗ್ಲೂಕೋಸ್ ಅಳೆಯದೆ ಸಿ-ಪೆಪ್ಟೈಡ್ ಓದುವಂತಿಲ್ಲ. ಸಕ್ಕರೆ 70ಕ್ಕಿಂತ ಇಳಿದಿದ್ದರೆ ಕೋಶ ಸುಮ್ಮನಿರುವುದು ಸಹಜ. ಸಕ್ಕರೆ ವಿಪರೀತ ಏರಿ ಆಸ್ಪತ್ರೆ ಸೇರಿದ ದಿನವೇ ಮಾಡಿಸಿದರೆ ಇರುವುದಕ್ಕಿಂತ ಕಡಿಮೆ ಬರುತ್ತದೆ. ಕಿಡ್ನಿ ಸೋತಿದ್ದರೆ ಸುಳ್ಳೇ ಹೆಚ್ಚು ಬರುತ್ತದೆ. ಟೈಪ್ 1 ಶುರುವಾದ ಮೊದಲ ಎರಡು ಮೂರು ವರ್ಷ ಅಂಕಿ ದಾರಿ ತಪ್ಪಿಸಬಹುದು. ಹೊಳಲ್ಕೆರೆ, ಹೊಸದುರ್ಗದ ಕಲೆಕ್ಷನ್ ಸೆಂಟರಿನಲ್ಲಿ ತೆಗೆದ ರಕ್ತ ದಾವಣಗೆರೆಗೋ ಬೆಂಗಳೂರಿಗೋ ಹೋಗುವಷ್ಟರಲ್ಲಿ ಸಾಮಾನ್ಯ ಟ್ಯೂಬಿನಲ್ಲಿ ಸಿ-ಪೆಪ್ಟೈಡ್ ಕುಸಿಯುತ್ತದೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ತೆಗೆದರೆ ಒಂದು ದಿನ ತಡೆಯುತ್ತದೆ. ಲ್ಯಾಬಿನವರಿಗೆ ಮೊದಲೇ ಹೇಳಿ ಆ ಟ್ಯೂಬಿನಲ್ಲೇ ತೆಗೆಸಿಕೊಳ್ಳಿ.

ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆ ಅಂದಾಜಿಸಿತು, ಅಂಚಿನಲ್ಲಿರುವವರು 13.6 ಕೋಟಿ. ಇಷ್ಟು ದೊಡ್ಡ ಸಂತೆಯಲ್ಲಿ ಕಾಂಡಕೋಶದ ಹೆಸರಲ್ಲಿ ಲಕ್ಷಗಟ್ಟಲೆ ಕೇಳುವವರು ಬಂದೇ ಬರುತ್ತಾರೆ. ಐಸಿಎಂಆರ್ ಮತ್ತು ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಉಳಿದ ಕಾಂಡಕೋಶ ಚಿಕಿತ್ಸೆ ಅನುಮತಿ ಪಡೆದ ಪ್ರಯೋಗದಲ್ಲಷ್ಟೇ ನಡೆಯಬೇಕು. ಯಾರಾದರೂ ಕರೆದರೆ ಮೊದಲು ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ, ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿ) ಜಾಲತಾಣದಲ್ಲಿ ಹುಡುಕಿ ನೋಡಿ. ಚಿಕಿತ್ಸೆಗೆ ಮೊದಲು, ಆಮೇಲೆ ಸಿ-ಪೆಪ್ಟೈಡ್ ಎಷ್ಟಿತ್ತು ಎಂದು ಬರೆದುಕೊಡಲು ಹೇಳಿ. ಪ್ರಯೋಗ ಎಂದು ಹೇಳಿ ಚಿಕಿತ್ಸೆಗೆ ದುಡ್ಡು ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ.